ಅಕ್ಕನಿಗೆ ತಂದ ಸುಣ್ಣದ ಡಬ್ಬಿ

ಸತ್ತವರು ಬಂದು ಹೋಗುತ್ತಾರೆ ಎಂದು ಯಾರಾದರೂ ಹೇಳಿದರೆ ನಾನು ನಂಬುತ್ತಿರಲಿಲ್ಲ. ನಮ್ಮ ಕಡೆ ಸಾವಾದ ಮನೆಗೆ ಹೋದರೆ ಹೆಂಗಸರು ಮೊದಲು ಕೇಳುವುದೇ "ಕನಸಿಗೆ ಬಂದಿದ್ರಾ?" ಎಂದು. ಒಬ್ಬಳು ಬಿಳಿ ಪಂಚೆಯಲ್ಲಿ ಬಂದಿದ್ದರು ಎನ್ನುತ್ತಾಳೆ, ಇನ್ನೊಬ್ಬಳು ನೀರು ಕೇಳಿದರು ಎನ್ನುತ್ತಾಳೆ. ಒಬ್ಬರ ಕನಸಿಗಿಂತ ಇನ್ನೊಬ್ಬರದು ದೊಡ್ಡದಾಗುತ್ತಾ ಹೋಗುತ್ತದೆ. ಇದರಲ್ಲೂ ಪೈಪೋಟಿಯೇ ಎಂದು ನಾನು ಒಳಗೊಳಗೇ ನಗುತ್ತಿದ್ದೆ. ಈಗ ಅಂಥ ಮಾತು ಬಂದಾಗ ಎದ್ದು ಹೊರಗೆ ಹೋಗಿ ನಿಲ್ಲುತ್ತೇನೆ.

ಎಲ್ಲವೂ ಇನ್ನೂ ಸರಿಯಾಗಿದ್ದಾಗ, ಟೂರಿನ ಕೊನೆಯ ದಿನ, ನಾವು ಕೌಲಾಲಂಪುರದ ಒಂದು ಮಾರ್ಕೆಟ್ಟಿನಲ್ಲಿದ್ದೆವು. ನಾವು ಎಂದರೆ ನಾನು ಮತ್ತು ನಮ್ಮ ಮನೆಯವರು. ಮದುವೆಯಾಗಿ ಮೂವತ್ತು ವರ್ಷವಾಯಿತೆಂದು ಮಗಳು ಅಳಿಯ ಸೇರಿ ನಮ್ಮನ್ನು ಟೂರಿನವರ ಜೊತೆ ಮಲೇಷ್ಯಾಕ್ಕೆ ಕಳಿಸಿದ್ದರು. ಅಮೃತಹಳ್ಳಿಯಲ್ಲಿ ನಮ್ಮ ತಾರಸಿಯ ಮೇಲೆ ನಿಂತು ಜಕ್ಕೂರಿನ ಪುಟ್ಟ ವಿಮಾನಗಳು ಸುತ್ತುವುದನ್ನು ನೋಡಿದ್ದೆವೇ ಹೊರತು ಇಬ್ಬರೂ ವಿಮಾನ ಹತ್ತಿದವರಲ್ಲ. ಇವರು ಮೋಟರ್ ರಿವೈಂಡಿಂಗ್ ಅಂಗಡಿ ಇಟ್ಟಿದ್ದರು. ಅಂಗಡಿ ಬಾಗಿಲು ಒಂದು ವಾರ ಮುಚ್ಚಿದ್ದೂ ಅದೇ ಮೊದಲು.

ಅಂದು ಊರಿಗೆ ಒಯ್ಯುವ ಸಾಮಾನು ಕೊಳ್ಳುವ ದಿನ. ಅಂಗಡಿಯ ಹುಡುಗರಿಗೆ ಜೋಡಿ ಗೋಪುರದ ಕೀ ಬಂಚು, ಅಳಿಯನಿಗೆ ಒಂದು ಟೀ ಶರ್ಟು, ಮಗಳಿಗೆ ಹೂವಿನ ಚಿತ್ರದ ಕೊಡೆ, ಅಕ್ಕಪಕ್ಕದವರಿಗೆ ಚಾಕೊಲೇಟು, ನೋವಿನ ಮುಲಾಮು. ಇವೆಲ್ಲ ಬೇಗ ಮುಗಿದವು. ಆಮೇಲೆ ಶುರುವಾಯಿತು ಅಕ್ಕನಿಗೆ ಏನು ಎಂಬ ಹುಡುಕಾಟ.

ಅಕ್ಕ ಎಂದರೆ ಇವರ ಅಕ್ಕ, ಗೌರಮ್ಮ. ನಾನೂ ಅಕ್ಕ ಎಂದೇ ಕರೆಯುತ್ತೇನೆ. ಇವರು ಕೂಸಾಗಿದ್ದಾಗಲೇ ತಾಯಿ ತೀರಿಕೊಂಡಿದ್ದರಿಂದ ಸೊಂಟದ ಮೇಲೆ ಹೊತ್ತು ಸಾಕಿದವಳು ಅಕ್ಕ. ಮದುವೆಯಾಗಿ ಹೋದದ್ದು ಚಿಕ್ಕಜಾಲಕ್ಕೆ. ಈಗಲೂ ಎರಡು ಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕುತ್ತಾಳೆ. ಭಾನುವಾರ ಬಂದರೆ ಇವರ ಬೈಕು ಚಿಕ್ಕಜಾಲದ ದಾರಿ ಹಿಡಿಯುತ್ತಿತ್ತು. ಮೊದಲ ಮಾವಿನಹಣ್ಣು ಅಲ್ಲಿಗೆ, ಮೊದಲ ಅವರೆಕಾಯಿ ಅಲ್ಲಿಗೆ. ನಾನು ಎಷ್ಟೇ ಚೆನ್ನಾಗಿ ಬಸ್ಸಾರು ಮಾಡಲಿ, ಮುದ್ದೆ ಮುರಿದು ಅದ್ದಿ ಬಾಯಿಗಿಟ್ಟ ಮೇಲೆ ಒಂದು ಕ್ಷಣ ಸುಮ್ಮನಿರುತ್ತಿದ್ದರು. ಆ ಸುಮ್ಮನಿರುವುದರ ಅರ್ಥ ನನಗೆ ಗೊತ್ತಿತ್ತು. ಮೂವತ್ತು ವರ್ಷ ನನ್ನ ಅಡುಗೆಮನೆಯಲ್ಲಿ ನನ್ನ ಜೊತೆ ಅಕ್ಕನೂ ಇದ್ದಳು. ನನಗೆ ಅವಳನ್ನು ಕಂಡರೆ ಹೊಟ್ಟೆಕಿಚ್ಚು. ಅವಳು ನನಗೆ ಒಂದು ದಿನವೂ ಕೆಟ್ಟ ಮಾತು ಆಡಿದವಳಲ್ಲ, ಅದರಿಂದ ಹೊಟ್ಟೆಕಿಚ್ಚು ಕಡಿಮೆಯೇನೂ ಆಗಲಿಲ್ಲ.

ಹಳೇ ಸಾಮಾನಿನ ಒಂದು ಅಂಗಡಿಯ ಮೂಲೆಯಲ್ಲಿ ಇವರು ಅದನ್ನು ಕಂಡರು. ಎಲೆ ಅಡಿಕೆಯ ಜೊತೆಗೆ ಇಟ್ಟುಕೊಳ್ಳುವ ಸುಣ್ಣದ ಡಬ್ಬಿ. ಹಿತ್ತಾಳೆಯದು, ನಿಂಬೆಹಣ್ಣಿನಷ್ಟು ಗಾತ್ರ, ಮುಚ್ಚಳದ ಮೇಲೆ ಕೂತ ಒಂದು ಹಕ್ಕಿ. ಹಕ್ಕಿಯ ಬಾಲ ಸ್ವಲ್ಪ ಬಾಗಿತ್ತು. "ಇವರೂ ಎಲೆ ಅಡಿಕೆ ಹಾಕ್ತಾರೆ ಕಣೇ! ನೋಡಿಲ್ಲಿ, ನಮ್ಮವರೇ ಇವರು!" ಎಂದು ಅಂಗಡಿಯವನ ಮುಂದೆಯೇ ಕುಣಿದಾಡಿದರು. ಬಾಲ ನೆಟ್ಟಗಿರುವ ಇನ್ನೊಂದು ಇದೆಯೇ ಎಂದು ಕೈಸನ್ನೆಯಲ್ಲಿ ಕೇಳಿದರು. ಇರಲಿಲ್ಲ. ಇದ್ದದ್ದು ಅದೊಂದೇ. ಮುಚ್ಚಳ ತೆಗೆದು ಹಾಕಿ, ತೆಗೆದು ಹಾಕಿ, ಕಿವಿಯ ಹತ್ತಿರ ಹಿಡಿದು ಆ ಟಕ್ ಎನ್ನುವ ಸದ್ದು ಕೇಳಿದರು. ಯಾವ ಒಡವೆ ಅಂಗಡಿಯಲ್ಲೂ ಅವರು ನನಗಾಗಿ ಅಷ್ಟು ಹೊತ್ತು ನಿಂತವರಲ್ಲ.

ತಡೆಯಲಾರದೆ ಕೇಳಿದೆ, "ಎಲ್ಲರಿಗೂ ಆಯ್ತು. ನಂಗೆ?"

ಅವರಿಗೆ ನಿಜವಾಗಿಯೂ ಆಶ್ಚರ್ಯವಾಯಿತು. "ನೀನು ಜೊತೆಗೇ ಇದ್ದೀಯಲ್ಲೇ! ನಿಂಗೇನು ತರೋದು? ತರೋದು ಅಂದ್ರೆ ಮನೇಲಿ ಇರೋರಿಗೆ" ಎಂದರು. ಆ ಮಾತಿನಲ್ಲಿ ತಪ್ಪು ಹುಡುಕಲು ಹೋಟೆಲಿನವರೆಗೂ ಪ್ರಯತ್ನಪಟ್ಟೆ, ಸಿಗಲಿಲ್ಲ.

ರಾತ್ರಿ ಪೆಟ್ಟಿಗೆ ತುಂಬಿದವಳು ನಾನೇ. ಡಬ್ಬಿಯನ್ನು ಅವರದೇ ಒಂದು ಟವಲಿನಲ್ಲಿ ಸುತ್ತಿ, ಎರಡು ರಬ್ಬರ್ ಬ್ಯಾಂಡ್ ಹಾಕಿ, ಬಟ್ಟೆಗಳ ನಡುವೆ ಇಟ್ಟೆ. ನಂಬರ್ ಬೀಗ ಹಾಕಿದೆ. ಆ ನಂಬರು ಇವರ ತಲೆಯಲ್ಲಿ ಒಂದು ದಿನವೂ ನಿಂತಿರಲಿಲ್ಲ. ಟೂರಿನುದ್ದಕ್ಕೂ ಬನಿಯನ್ ಬೇಕಾದರೂ ನನ್ನನ್ನೇ ಕರೆಯುತ್ತಿದ್ದರು.

ಮರುದಿನ ಸಂಜೆ ಬೆಂಗಳೂರಿಗೆ ಇಳಿದೆವು. ಟೂರಿನವರ ವ್ಯಾನು ಎಲ್ಲರನ್ನೂ ಅವರವರ ಮನೆಗೆ ಬಿಡಲು ಹೊರಟಿತು. ಚಿಕ್ಕಜಾಲ ಬಂದಾಗ ಇವರು ಕಿಟಕಿಯಿಂದ ಕೈ ಚಾಚಿ, "ಅಗೋ, ಆ ನೀಲಿ ಟ್ಯಾಂಕ್ ಕಾಣ್ತಲ್ಲ, ಅದೇ ನಮ್ಮಕ್ಕನ ಮನೆ ಕಣ್ರೀ" ಎಂದು ಇಡೀ ವ್ಯಾನಿಗೆ ತೋರಿಸಿದರು. ಹಿಂದಿನ ಸೀಟಿನಿಂದ ಯಾರೋ, "ಸಾರ್, ಹೆಂಗೂ ಇಲ್ಲೇ ಐತೆ, ತಂದಿದ್ದನ್ನ ಕಿಟಕಿಯಿಂದ ಎಸೆದುಬಿಡಿ!" ಎಂದು ತಮಾಷೆ ಮಾಡಿದರು. ಎಲ್ಲರೂ ನಕ್ಕರು. ಇವರೂ ನಕ್ಕು, "ಬೇಡಪ್ಪ, ಬೆಳಗ್ಗೆ ಡೈರಿಗೆ ಹಾಲು ಹಾಕೋ ಹೊತ್ತಿಗೆ ನಾನೇ ತಂದುಕೊಡ್ತೀನಿ" ಎಂದರು. ವ್ಯಾನು ನಿಲ್ಲಲಿಲ್ಲ.

ಮನೆಗೆ ಬಂದು ಅನ್ನ ಸಾರು ಉಂಡು ಮಲಗಿದೆವು. ಪೆಟ್ಟಿಗೆ ನಡುಮನೆಯಲ್ಲಿ ಬೀಗ ಹಾಕಿದಂತೆಯೇ ನಿಂತಿತ್ತು. ಬೆಳಗ್ಗೆ ನನಗೆ ಎಚ್ಚರವಾದಾಗ ಚೆನ್ನಾಗಿ ಬೆಳಕಾಗಿತ್ತು. ಇವರ ಕೈ ನನ್ನ ದಿಂಬಿನ ಮೇಲಿತ್ತು. ಮುಟ್ಟಿದರೆ ತಣ್ಣಗಿತ್ತು.

ಮೇಲಿನ ಮನೆಯಿಂದ ಮಗಳು ಅಳಿಯ ಓಡಿ ಬಂದರು. ಬೀದಿಯ ತುದಿಯ ಡಾಕ್ಟರು ಬಂದು ನೋಡಿ, ನಿದ್ದೆಯಲ್ಲೇ ಹೋಗಿದ್ದಾರೆ, ಬಹಳ ಹೊತ್ತಾಗಿದೆ, ನಡುರಾತ್ರಿ ಇರಬಹುದು ಎಂದರು. ಅಕ್ಕನಿಗೆ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಫೋನು ನಾನೇ ಮಾಡಿದೆ. ಹೇಗೆ ಹೇಳಿದೆನೋ ನೆನಪಿಲ್ಲ. ಅವಳು ಅಂದದ್ದು ಮಾತ್ರ ಒಂದೊಂದು ಅಕ್ಷರವೂ ನೆನಪಿದೆ.

"ಏನಮ್ಮ ಇಂಗಂತೀಯ? ಈಗ್ ತಾನೆ ಬಂದಿದ್ನಲ್ಲ! ಗೇಟ್ ತಾವ ನಿಂತ್ಕಂಡು ಡಬ್ಬಿ ಕೊಟ್ಟ. ಒಳೀಕೆ ಬಾರೋ ಮಗಾ ಅಂದ್ರೆ, ಇಲ್ಲಕ್ಕ, ಓಯ್ತೀನಿ ಅಂದ. ನಾನು ಆಲ್ ಆಕಿ ಬಂದು ನೋಡ್ದೆ, ಇರ್ನಿಲ್ಲ."

ಅವಳು ಬಂದಾಗ ಅವಳ ಬಾಯಿ ಕೆಂಪಗಿತ್ತು. ಸೆರಗಿನ ಗಂಟು ಬಿಚ್ಚಿ, ಯಾರೂ ಕೇಳದಿದ್ದರೂ, ಡಬ್ಬಿಯನ್ನು ಇವರ ಎದೆಯ ಮೇಲಿಟ್ಟಳು. ಮುಚ್ಚಳದ ಮೇಲೆ ಹಕ್ಕಿ. ಬಾಗಿದ ಬಾಲ. ಒಳಗೆ ಆಗಲೇ ಸುಣ್ಣ ತುಂಬಿಕೊಂಡಿದ್ದಳು.

ನಾನು ಆಗ ಅಳಲಿಲ್ಲ. ಹೆಣದ ಮುಂದೆ ಕೂತಿದ್ದವಳು ಎದ್ದು ಪೆಟ್ಟಿಗೆಯ ಹತ್ತಿರ ಹೋದೆ. ತಡೆದವರನ್ನು ತಳ್ಳಿದೆ. ಬೀಗ ಹಾಗೇ ಇತ್ತು. ಬಟ್ಟೆಗಳ ನಡುವೆ ಟವಲಿನ ಸುರುಳಿ ನಾನಿಟ್ಟ ಜಾಗದಲ್ಲೇ, ಎರಡೂ ರಬ್ಬರ್ ಬ್ಯಾಂಡ್ ನಾನು ಹಾಕಿದಂತೆಯೇ. ಒತ್ತಿ ನೋಡಿದೆ. ಟವಲು ಮೆತ್ತಗಿತ್ತು, ಒಳಗೆ ಏನೂ ಇರಲಿಲ್ಲ.

ಅಳಿಯ ಓದಿದವನು. ಮಾವ ರಾತ್ರಿ ಎದ್ದು ಹೋಗಿ ಬಂದು, ಆಮೇಲೆ ಮಲಗಿದಾಗ ಹೀಗಾಗಿರಬಹುದು, ಅಕ್ಕನಿಗೆ ಹೊತ್ತಿನ ಲೆಕ್ಕ ತಪ್ಪಿದೆ ಎಂದ. ಆದರೆ ಬೆಳಗ್ಗೆ ಡಾಕ್ಟರನ್ನು ಕರೆಯಲು ತೆಗೆಯುವವರೆಗೆ ಗೇಟಿನ ಬೀಗ ಒಳಗಿನಿಂದ ಹಾಕಿಯೇ ಇತ್ತು, ಕೀ ನನ್ನ ದಿಂಬಿನ ಕೆಳಗಿತ್ತು. ಬೈಕಿನ ಹೊದಿಕೆಯ ಮೇಲೆ ವಾರದ ಧೂಳು ಹಾಗೇ ಇತ್ತು. ಅವನೇ ಹೋಗಿ ನೋಡಿ ಬಂದ. ಅಕ್ಕ ಸುಳ್ಳು ಹೇಳಿದಳೇ ಎಂದೂ ಯೋಚಿಸಿದೆ. ಹಾಗೆ ಯೋಚಿಸಲು ನನಗೆ ಇಷ್ಟವಿತ್ತು. ಆದರೆ ಡಬ್ಬಿ ಅವಳ ಕೈಗೆ ಹೇಗೆ ಬಂತು ಎಂಬಲ್ಲಿಗೆ ಬಂದು ನಿಲ್ಲುತ್ತಿದ್ದೆ.

ತಿಥಿಯ ದಿನ ಎಲ್ಲರೂ ಊಟಕ್ಕೆ ಕೂತಿದ್ದಾಗ ಅಕ್ಕನನ್ನು ಹಿತ್ತಲಿಗೆ ಕರೆದು ಕೇಳಿದೆ, "ನನ್ನ ವಿಷಯ ಏನಾದ್ರೂ ಅಂದ್ರಾ ಅಕ್ಕ?"

ಅವಳು ತುಂಬಾ ಹೊತ್ತು ನೆನಪು ಮಾಡಿಕೊಂಡಳು. ನನಗೆ ಏನಾದರೂ ಕೊಡಬೇಕೆಂಬ ಆಸೆ ಅವಳ ಮುಖದಲ್ಲಿ ಕಾಣುತ್ತಿತ್ತು, ಆದರೆ ಕಟ್ಟಿ ಹೇಳುವುದು ಅವಳಿಗೆ ಬರದು. ಕೊನೆಗೆ, "ಒಬ್ನೇ ಬಂದ್ಯೇನ್ಲಾ ಅಂದೆ ಕಣವ್ವ. ಅವಳು ಮಲಗವ್ಳೆ, ಎಬ್ಬಿಸ್ನಿಲ್ಲ ಅಂದ" ಎಂದಳು. ಆಮೇಲೆ ಡಬ್ಬಿ ತೆಗೆದು ನನ್ನ ಕೈಗಿಟ್ಟು, "ನೀನೇ ಮಡೀಕೊ" ಎಂದಳು. ನಾನು ಒಂದು ಸಲ ಮುಚ್ಚಳ ತೆಗೆದು ಹಾಕಿದೆ. ಟಕ್ ಎಂದಿತು. ವಾಪಸು ಕೊಟ್ಟೆ. ಅವಳಿಗೆ ತಂದದ್ದನ್ನು ಇಟ್ಟುಕೊಂಡು ನಾನೇನು ಮಾಡಲಿ?

ಇದಾಗಿ ಕೆಲವು ವರ್ಷಗಳಾದವು. ಮಹಾಲಯ ಅಮಾವಾಸ್ಯೆಗೆ ಎಡೆ ಇಟ್ಟು, ಕೋಣೆಯ ಬಾಗಿಲು ಮುಚ್ಚಿ, ಎಲ್ಲರೂ ಹೊರಗೆ ಕೂರುತ್ತೇವೆ. ಅಕ್ಕ ಎಲೆ ಅಡಿಕೆ ಹಾಕಿಕೊಂಡು ನೆಮ್ಮದಿಯಾಗಿ ಕೂತಿರುತ್ತಾಳೆ, ಬಂದೇ ಬರುತ್ತಾರೆಂದು ಗೊತ್ತಿರುವವಳ ಹಾಗೆ. ಬಾಗಿಲು ತೆಗೆಯುವಾಗ ಮೊದಲು ಒಳಗೆ ಹೋಗುವವಳು ನಾನು. ಎಲೆಯ ಮೇಲೆ ಇಟ್ಟದ್ದು ಇಟ್ಟ ಹಾಗೇ ಇರುತ್ತದೆ. ರಾತ್ರಿ ಈಗ ನನಗೆ ಸಣ್ಣ ಸದ್ದಾದರೂ ಎಚ್ಚರವಾಗುತ್ತದೆ. ಕನಸಿಗೂ ಅವರು ಒಂದು ಸಲವೂ ಬಂದಿಲ್ಲ.

ಅಂದು ನಡೆದದ್ದು ಏನು ಎಂದು ಕೇಳಿದರೆ ನನಗೆ ಇವತ್ತಿಗೂ ಗೊತ್ತಿಲ್ಲ. ತರೋದು ಅಂದ್ರೆ ಮನೇಲಿ ಇರೋರಿಗೆ ಎಂದಿದ್ದರು. ಈಗ ಮನೆಯಲ್ಲಿ ಇರುವವಳು ನಾನು. ನನಗೆ ಇನ್ನೂ ಏನೂ ಬಂದಿಲ್ಲ.