ಸಂಗಮೇಶ ಹೇಳಿರಲಿಲ್ಲ

ಪ್ರಸಾದ್ ಅವರೇ, ನಿಮಗೆ ಕೆಲಸವಿದೆಯೆಂದು ನಿರುದ್ಯೋಗ ಭತ್ಯೆಯ ಕಚೇರಿಗೆ ಹೇಳಿದವಳು ನಾನು. ಸಂಗಮೇಶ ಅಲ್ಲ. ನಿಮ್ಮ ಅತ್ತೆ, ಮೈಸೂರಿನ ಹೆಣ್ಣುಮಕ್ಕಳ ಶಾಲೆಯೊಂದರ ನಿವೃತ್ತ ಮುಖ್ಯೋಪಾಧ್ಯಾಯಿನಿ, ಸುಳ್ಳು ಹೇಳಿದ ಹುಡುಗಿಯರನ್ನು ಬೆಂಚಿನ ಮೇಲೆ ನಿಲ್ಲಿಸಿದ ಮಹಾತಾಯಿ — ನಾನು. ನಾಲ್ಕು ವರ್ಷ ಈ ಮಾತನ್ನು ನುಂಗಿಕೊಂಡು ಈ ಪರದೇಶದಲ್ಲಿ ನಿಮ್ಮ ಮನೆಯಲ್ಲೇ ಉಂಡಿದ್ದೇನೆ.

ಬ್ರಿಡ್ಜ್‌ವಾಟರಿನ ಔಷಧಿ ಕಂಪನಿ ನಿಮ್ಮನ್ನು ಲೇಆಫ್ ಮಾಡಿದ ಮರುದಿನವೇ ವೀಣಾ ನನಗೊಂದು ಕಟ್ಟಪ್ಪಣೆ ಹೊರಡಿಸಿದಳು. "ಅಮ್ಮಾ, ಟೆಂಪಲ್‌ನಲ್ಲಿ ಯಾರಾದ್ರೂ ಕೇಳಿದ್ರೆ ವರ್ಕ್ ಫ್ರಮ್ ಹೋಮ್ ಅನ್ನು. ಒಂದಕ್ಕೆ ಎರಡು ಮಾತಾಡ್ಬೇಡ." ಮಗಳ ಮಾತನ್ನು ಮೀರಿ ನಾನು ಒಂದಕ್ಕೆ ನಾಲ್ಕು ಆಡಿದೆ. ಪಾಪ, ಅಳಿಯಂದಿರಿಗೆ ಮೀಟಿಂಗ್ ಮೇಲೆ ಮೀಟಿಂಗ್, ಊಟಕ್ಕೂ ಪುರುಸೊತ್ತಿಲ್ಲ ಎಂದು ದೇವಸ್ಥಾನದಲ್ಲಿ ಪುಳಿಯೋಗರೆ ತಿನ್ನುತ್ತ ನಿಮಗೊಂದು ಬಡ್ತಿಯನ್ನೂ ದಯಪಾಲಿಸಿದೆ. ಕೆಲಸ ಹೋಗುವುದೆಂದರೆ ನಮ್ಮವರಲ್ಲಿ ಕಾಯಿಲೆಗಿಂತ ದೊಡ್ಡ ಗುಟ್ಟು; ಕಾಯಿಲೆಗಾದರೆ ಯಾರಾದರೂ ಹಣ್ಣು ಹಿಡಿದುಕೊಂಡು ಬರುತ್ತಾರೆ.

ನೀವು ದಿನವೂ ಬೆಳಿಗ್ಗೆ ಎಂಟಕ್ಕೆ ಭತ್ಯೆಯ ಕಚೇರಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿ ಕೂರುತ್ತಿದ್ದಿರಿ. ಕಾಯಿಸುವ ಸಂಗೀತ ನನಗೆ ಬಾಯಿಪಾಠವಾಗಿತ್ತು. ಅವರು ಫೋನ್ ಎತ್ತುತ್ತಾರೆ ಎಂಬುದರಲ್ಲೇ ನನಗೆ ನಂಬಿಕೆಯಿರಲಿಲ್ಲ, ಇನ್ನು ತಾವಾಗಿಯೇ ಮಾಡುತ್ತಾರೆ ಎಂಬುದು...

ಆದರೆ ಒಂದು ಬುಧವಾರ ಮಾಡಿದರು. ನೀವು ಮಗಳನ್ನು ಹಲ್ಲಿನ ಡಾಕ್ಟರ ಬಳಿ ಕರೆದೊಯ್ದಿದ್ದಿರಿ. ಫೋನು ಅಡುಗೆಮನೆಯಲ್ಲಿ ಚಾರ್ಜಿಗಿತ್ತು. ಎತ್ತಿದೆ. ಗಂಡಸಿನ ದನಿ, ಬಹಳ ಮೃದು. ಅಷ್ಟು ಮೃದುವಾಗಿ ಮಾತಾಡುವ ಸರ್ಕಾರವನ್ನು ನಾನು ಆವರೆಗೆ ಕಂಡಿರಲಿಲ್ಲ. ಕ್ಲೇಮಿನ ವಿಷಯ ಎಂದ. ಮುದುಕರನ್ನು ಹೆದರಿಸಿ ದುಡ್ಡು ಕೀಳುವವನು ಎಂದುಕೊಂಡೆ. ಅಥವಾ ದೇವಸ್ಥಾನದವರೇ ಯಾರೋ ಬಾಯಿಬಿಡಿಸಲು ಮಾಡಿಸಿದ ಕರೆ — ಹೌದು, ಅಲ್ಲಿಯವರೆಗೂ ಹೋಯಿತು ನನ್ನ ಅನುಮಾನ. ನಿಮಗೆ ಈಗ ಕೆಲಸವಿದೆಯೇ ಎಂದು ಕೇಳಿದ. ಶಾಲಾ ವಾರ್ಷಿಕೋತ್ಸವಕ್ಕೆಂದು ಎತ್ತಿಟ್ಟ ಇಂಗ್ಲಿಷನ್ನು ಹೊರತೆಗೆದು, ಇದೆ, ಪೂರ್ಣಾವಧಿಯದು, ಈಗ ಆಫೀಸಿಗೆ ಹೋಗಿದ್ದಾರೆ ಎಂದೆ. ಮಾತಾಡುತ್ತಿರುವುದು ಯಾರು ಎಂದ. ಕಳ್ಳನಿಗೆ ಹೆಸರು ಕೊಡುತ್ತಾರೆಯೇ? ಅವರನ್ನು ಚೆನ್ನಾಗಿ ಬಲ್ಲವಳು ಎಂದೆ. ಧನ್ಯವಾದ ಹೇಳಿ ಇಟ್ಟ. ನಿಮ್ಮ ಫೋನ್ ಮುಟ್ಟಿದ್ದಕ್ಕೆ ವೀಣಾ ಬಯ್ದಾಳೆಂದು ಕರೆಯ ಗುರುತನ್ನೂ ಅಳಿಸಿ, ಮನೆಯ ಮರ್ಯಾದೆ ಕಾಪಾಡಿದ ಸಂತೋಷದಲ್ಲಿ ಕಾಫಿ ಬೆರೆಸಿಕೊಂಡೆ.

ಹತ್ತು ದಿನಕ್ಕೆ ಪತ್ರ ಬಂತು. ನೀವು ಕೆಲಸದಲ್ಲಿದ್ದುಕೊಂಡೇ ಭತ್ಯೆ ಕೇಳಿದ್ದೀರೆಂದು ನಿಮ್ಮನ್ನು ಬಲ್ಲ ವ್ಯಕ್ತಿಯಿಂದ ಮಾಹಿತಿಯಿದೆ, ಕ್ಲೇಮು ತಡೆಹಿಡಿಯಲಾಗಿದೆ. ನೀವು ಅದನ್ನು ಎರಡು ಸಲ ಗಟ್ಟಿಯಾಗಿ ಓದಿದಿರಿ. ನನಗೆ ಆ ಕ್ಷಣವೇ ಗೊತ್ತಾಯಿತು. ಆಗಲೇ ಹೇಳಿದ್ದರೆ ಅದೊಂದು ಪೆದ್ದುತನ, ಅಷ್ಟೇ. ನಾನು ಹೇಳಿದ್ದು ಬೇರೆ.

"ಈ ವಿಷಯ ಹೊರಗಿನವರಿಗೆ ಯಾರಿಗೆ ಗೊತ್ತಿತ್ತು, ಯೋಚನೆ ಮಾಡಿ."

ಗೊತ್ತಿದ್ದದ್ದು ಒಬ್ಬನಿಗೆ. ನಿಮ್ಮ ಪಕ್ಕದ ಸೀಟಿನಲ್ಲಿ ಆರು ವರ್ಷ ಕೂತ, ಕೆಲಸ ಉಳಿಸಿಕೊಂಡ, ನಿಮ್ಮ ಅರ್ಜಿಯನ್ನು ಜೊತೆಗೆ ಕೂತು ತುಂಬಿಸಿಕೊಟ್ಟ ಧಾರವಾಡದ ಸಂಗಮೇಶನಿಗೆ. ಅದು ತಿಳಿದೇ ಆಡಿದ ಮಾತು. ಬಾಯಿತಪ್ಪಿ ಬಂದದ್ದಲ್ಲ.

ಭಾನುವಾರ ಅವನು ಎಂದಿನಂತೆ ಶೇಂಗಾ ಚಟ್ನಿಯ ಡಬ್ಬಿ ಹಿಡಿದು ಬಂದ. ನೀವು ಬಾಗಿಲಲ್ಲೇ ನಿಲ್ಲಿಸಿ ಕೇಳಿದಿರಿ. ಅವನು ಮೊದಲು ತಮಾಷೆಯೆಂದು ನಕ್ಕ. ಆಮೇಲೆ ನಗು ಹೋಯಿತು.

"ನಿನ್ನ ಕೆಲಸಾ ಹೋದ ದಿನಾ ನಾ ಊಟಾ ಮಾಡಿಲ್ಲೋ ಪ್ರಸಾದ. ನಾ ಯಾಕ ಹೇಳ್ಲಿ?" ಎಂದ. ಒಳಗೆ ನಿಂತಿದ್ದ ನನ್ನನ್ನು ನೋಡಿದ. "ಅಮ್ಮಾರ, ನೀವರ ಹೇಳ್ರಿ. ನಾ ಅಂಥಾಂವ ಏನ್ರಿ?"

"ನನಗೇನು ಗೊತ್ತಪ್ಪಾ" ಎಂದೆ.

ಇಡೀ ಮನೆಯಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ಅವನು ಡಬ್ಬಿಯನ್ನು ಚಪ್ಪಲಿ ಸ್ಟ್ಯಾಂಡಿನ ಮೇಲಿಟ್ಟು, ಈಸ್ಟ್ ಬ್ರನ್ಸ್‌ವಿಕ್‌ನ ತನ್ನ ಮನೆಗೆ ಹಿಂದಿರುಗಿದ. ಮತ್ತೆ ಈ ಕಡೆ ಬಂದಿಲ್ಲ.

ನಿಮ್ಮ ಮೇಲ್ಮನವಿಯ ವಿಚಾರಣೆ ಫೋನಿನಲ್ಲೇ ನಡೆಯಿತು. ಕಂಪನಿಯ ಲೇಆಫ್ ಪತ್ರ ನೋಡಿ ಕಚೇರಿ ನಿಮ್ಮ ಮಾತನ್ನು ಒಪ್ಪಿತು. ಅಪರಿಚಿತರು ನಿಮ್ಮನ್ನು ನಂಬಲು ನಾಲ್ಕು ತಿಂಗಳು ಸಾಕಾಯಿತು. ಬೇರೆ ಕೆಲಸವೂ ಸಿಕ್ಕಿತು. ಆದರೆ ನೀವು ಯಾರನ್ನೂ ನಂಬದವರಾದಿರಿ. ಫೋನನ್ನು ಬಚ್ಚಲಿಗೂ ಒಯ್ಯುತ್ತೀರಿ. ಯಾರಾದರೂ ಹೇಗಿದ್ದೀರಿ ಎಂದರೆ ಏಕೆ ಕೇಳುತ್ತಿದ್ದಾರೆಂದು ನೋಡುತ್ತೀರಿ. ಮನೆಯಲ್ಲಿ ನೀವು ಸಂಪೂರ್ಣ ನಂಬುವುದು — ವೀಣಾ ನಗುತ್ತ ಹೇಳುತ್ತಾಳೆ — ನನ್ನೊಬ್ಬಳನ್ನೇ ಅಂತೆ.

ಹೋದ ತಿಂಗಳು ವೆಸ್ಟ್ ವಿಂಡ್ಸರ್‌ನ ಉಪನಯನದಲ್ಲಿ ಸಂಗಮೇಶನನ್ನು ಕಂಡು ನೀವು ತಟ್ಟೆ ಎತ್ತಿಕೊಂಡು ಬೇರೆ ಟೇಬಲ್ಲಿಗೆ ಹೋದಿರಿ. ಅವನು ನನ್ನ ಬಳಿ ಬಂದು ಮಂಡಿನೋವು ಹೇಗಿದೆ ಅಮ್ಮಾರ ಎಂದು ಕೇಳಿದ. ವಾಸಿಯಾಗಿದೆ ಎಂದೆ — ಅದೂ ಸುಳ್ಳೇ.

ಈ ಪತ್ರದ ಒಂದು ಪ್ರತಿಯನ್ನು ಇಂದು ಬೆಳಿಗ್ಗೆ ಅವನ ವಿಳಾಸಕ್ಕೆ ಅಂಚೆಗೆ ಹಾಕಿ ಬಂದಿದ್ದೇನೆ. ಮೊದಲು ನಿಮಗೆ ತೋರಿಸಬೇಕಿತ್ತು, ನಿಜ. ತೋರಿಸಿದ್ದರೆ ನೀವು "ಹೋಗ್ಲಿ ಬಿಡಿ ಅತ್ತೆ, ಆಗಿದ್ದಾಯ್ತು" ಎನ್ನುತ್ತಿದ್ದಿರಿ, ನಾನು ಬಿಟ್ಟುಬಿಡುತ್ತಿದ್ದೆ. ಅಷ್ಟರ ಮಟ್ಟಿಗೆ ನನ್ನನ್ನು ನಾನು ಬಲ್ಲೆ.