ಹಿಡಿದವರಿಗೆ ತಲೆ

ಚಿಕ್ಕಲಸಂದ್ರವನ್ನು ಬೆಂಗಳೂರು ಎಂದು ಯಾರೂ ಕರೆಯದ ಕಾಲ ಅದು. ಜಯನಗರದವರೆಗೆ ಹೊರಟರೂ ‘ಬೆಂಗಳೂರಿಗೆ ಹೋಗಿ ಬರ್ತೀವಿ’ ಎಂದೇ ಹೇಳಿ ಹೊರಡುತ್ತಿದ್ದೆವು. ಈಗ ಕುಮಾರಸ್ವಾಮಿ ಲೇಔಟ್ ಇರುವ ಕಡೆ ಸೈಟಿನ ಕಲ್ಲುಗಳನ್ನು ನೆಟ್ಟಿದ್ದರಷ್ಟೆ, ಕಲ್ಲುಗಳ ನಡುವೆ ಹುರುಳಿ ಬೆಳೆಯುತ್ತಿತ್ತು. ನಮ್ಮ ಮನೆಯ ಹಿಂದಿನ ರಾಗಿ ಹೊಲ ದಾಟಿದರೆ ದೊಡ್ಡಕಟ್ಟೆ. ಹೆಸರಿಗೆ ಕಟ್ಟೆ, ಆದರೆ ಕೆರೆಯೇ ಅದು. ಆಚೆ ದಡದಲ್ಲಿ ಮೇಯುವ ಎಮ್ಮೆ ಈಚೆ ದಡದಿಂದ ನೋಡಿದರೆ ನಾಯಿಯಷ್ಟು ಕಾಣುತ್ತಿತ್ತು. ಆ ಕೆರೆಯಲ್ಲಿ ನಾನೊಂದು ಗೆಂಡೆ ಮೀನು ಹಿಡಿದೆ. ನಾನೇ ಹಿಡಿದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ನಮ್ಮ ನೆಂಟರಲ್ಲಿ ಯಾರನ್ನೇ ಕೇಳಿದರೂ ಬೇರೆ ಕಥೆ ಹೇಳುತ್ತಾರೆ. ‘ಇಷ್ಟು ವರ್ಷ ಆದ್ಮೇಲೂ ಅದೇನಮ್ಮ, ಬಿಡು’ ಎನ್ನುತ್ತಾಳೆ ಮಗಳು. ಯಾಕೆ ಬಿಡಬೇಕು?

ಅಪ್ಪ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಭಾನುವಾರ ರಜ. ಬೇಸಿಗೆಯಲ್ಲಿ ಕೆರೆಯ ನೀರು ಇಳಿದು ಮೀನು ಒತ್ತಾಗಿ ಸಿಗುವ ಹೊತ್ತಿಗೆ, ಪ್ರತಿ ಭಾನುವಾರ ಮನೆಮಂದಿಯೆಲ್ಲ ಕೆರೆಗೆ. ಅಪ್ಪನ ಹೆಗಲ ಮೇಲೆ ಬಿದಿರಿನ ಗಾಳಗಳು. ಅಜ್ಜಿಯ ಸೆರಗಿನಲ್ಲಿ ಒಲೆಯ ಬೂದಿ, ಕೈಯಲ್ಲಿ ಚಾಕು. ಹಿಡಿದ ಮೀನನ್ನು ಅಲ್ಲೇ ಕಲ್ಲಿನ ಮೇಲೆ ಬೂದಿ ಹಾಕಿ ಉಜ್ಜಿ ತೊಳೆದರೇ ಅವಳಿಗೆ ಸಮಾಧಾನ. ತಮ್ಮ ಮಂಜನಿಗೆ ಅವನ ಅಳತೆಯದೇ ಒಂದು ಪುಟ್ಟ ಗಾಳ. ಅಮ್ಮ ಮಾತ್ರ ಮನೆಯಲ್ಲಿರುತ್ತಿದ್ದಳು. ಮೀನು ಸಿಕ್ಕೇ ಸಿಗುತ್ತದೆ ಎಂಬ ಧೈರ್ಯದ ಮೇಲೆ ಕೊತ್ತಂಬರಿ ಬೀಜ, ಮೆಣಸಿನಕಾಯಿ ಹುರಿದು, ಹುಣಸೆಹಣ್ಣು ನೆನೆಹಾಕಿ, ಒರಳ ಮುಂದೆ ಕೂತುಬಿಡುತ್ತಿದ್ದಳು. ನಾವು ವಾಪಸ್ ಬರುವಾಗ ಹೊಲದ ಬದುವಿಗೇ ಆ ಮಸಾಲೆಯ ವಾಸನೆ ಬರುತ್ತಿತ್ತು.

ನನಗೆ? ನನಗೆ ಎರೆಹುಳದ ಡಬ್ಬ. ಹೆಣ್ಣುಮಕ್ಕಳು ಗಾಳ ಮುಟ್ಟಬಾರದು, ದಾಟಬಾರದು, ಮುಟ್ಟಿದರೆ ಮೀನು ಕಚ್ಚುವುದಿಲ್ಲ. ಇದು ಅಜ್ಜಿಯ ಕಾನೂನು. ಹುಳ ಅಗೆಯಬಹುದು. ಬಚ್ಚಲ ನೀರು ಹರಿಯುವ ಬಾಳೆ ಬುಡದಲ್ಲಿ ಉಗುರಿಗೆಲ್ಲ ಮಣ್ಣು ಮಾಡಿಕೊಂಡು ಕೆಂಪು ಹುಳ ಆರಿಸಿ ಡಬ್ಬಕ್ಕೆ ತುಂಬಬಹುದು. ಆ ಹುಳವನ್ನು ಮುರಿದು ಮುಳ್ಳಿಗೆ ಚುಚ್ಚಿ ಮಂಜನಿಗೆ ಕೊಡಬಹುದು. ಅಷ್ಟೆಲ್ಲ ಮಾಡಿದರೆ ಮೀನಿಗೆ ಬೇಸರವಿಲ್ಲ. ಕೋಲು ಹಿಡಿದರೆ ಮಾತ್ರ ಮೀನಿಗೆ ಗೊತ್ತಾಗಿಬಿಡುತ್ತದಂತೆ.

ಮನೆಯಲ್ಲಿ ಇನ್ನೊಂದು ಪದ್ಧತಿಯಿತ್ತು. ಹಿಡಿದವರಿಗೆ ತಲೆ. ಸಾರು ಕುದಿದು, ಎಲ್ಲರೂ ತಟ್ಟೆ ಮುಂದೆ ಕೂತು, ಮುದ್ದೆ ಬಿದ್ದ ಮೇಲೆ, ಅಜ್ಜಿ ಸೌಟಿನಲ್ಲಿ ಒಂದೊಂದೇ ತಲೆ ಎತ್ತಿ ‘ಇದ್ಯಾರ್ದು?’ ಎಂದು ಕೇಳುವಳು. ಆ ಮೀನು ಹಿಡಿದವರು ತಟ್ಟೆ ಮುಂದೆ ತಳ್ಳಬೇಕು. ಬೆರಳುದ್ದದ ಮೀನಿಗೂ ಈ ಮರ್ಯಾದೆ ಇತ್ತು. ಮಂಜ ಮೂಗು ಒರೆಸಿಕೊಳ್ಳುತ್ತ ತಟ್ಟೆ ತಳ್ಳುವುದು, ಅಜ್ಜಿ ‘ನನ್ನ ರಾಜ’ ಎನ್ನುತ್ತ ಅವನ ತಟ್ಟೆಗೆ ತಲೆ ಹಾಕುವುದು, ನಾನು ಬಾಲದ ತುಂಡು ಚೀಪುತ್ತ ಇದನ್ನೆಲ್ಲ ನೋಡುವುದು. ಮೀನಿನ ತಲೆಯಲ್ಲಿ ತಿನ್ನೋದಕ್ಕೆ ಅಂಥದ್ದೇನೂ ಇಲ್ಲ ಎಂದು ನನಗೂ ಗೊತ್ತಿತ್ತು. ನನಗೆ ಬೇಕಿದ್ದದ್ದು ಅಜ್ಜಿ ಆ ಪ್ರಶ್ನೆ ಕೇಳಿದಾಗ ನನ್ನ ತಟ್ಟೆ ಮುಂದೆ ಹೋಗುವುದು. ಒಂದೇ ಒಂದು ಸಲ.

ಆ ಬೇಸಿಗೆಯಲ್ಲಿ ಅಮ್ಮನ ತಮ್ಮ ನಾಗರಾಜ ಮಾವ ಕೆಲಸ ಹುಡುಕಿಕೊಂಡು ಕನಕಪುರದ ಕಡೆಯಿಂದ ಬಂದು ನಮ್ಮ ಮನೆಯಲ್ಲೇ ಇದ್ದ. ಆಗಷ್ಟೇ ಮೀಸೆ ದಪ್ಪಗಾಗಿತ್ತು. ಕೈಯಲ್ಲಿ ಸದಾ ಬಾಚಣಿಗೆ. ನನ್ನನ್ನು ಕಂಡರೆ ಜಡೆ ಎಳೆಯದೆ ಮುಂದೆ ಹೋಗುತ್ತಿರಲಿಲ್ಲ. ನಾನೂ ಸುಮ್ಮನಿರುತ್ತಿರಲಿಲ್ಲ, ಬಾಚಣಿಗೆ ಬಚ್ಚಿಡುತ್ತಿದ್ದೆ. ಕದ್ದು ಬೀಡಿ ಸೇದುತ್ತಿದ್ದ. ಅಪ್ಪನ ಕಣ್ಣಿಗೆ ಬಿದ್ದರೆ ಕತೆ ಮುಗಿಯಿತು ಎಂಬ ಹೆದರಿಕೆ ಅವನಿಗೆ. ಭಾವನ ಎದುರು ಬೀಡಿ ಹಚ್ಚುವುದು ಆ ಕಾಲಕ್ಕೆ ಸಣ್ಣ ಮಾತಾಗಿರಲಿಲ್ಲ.

ಒಂದು ಭಾನುವಾರ ಮಂಜನಿಗೆ ಜ್ವರ ಬಂತು. ಅಜ್ಜಿ ಅವನ ಹಾಸಿಗೆ ಬಿಟ್ಟು ಏಳಲಿಲ್ಲ. ಹಾಗಾಗಿ ಕೆರೆಗೆ ಹೋದವರು ಅಪ್ಪ, ಮಾವ, ಹುಳದ ಡಬ್ಬ ಹಿಡಿದ ನಾನು, ಮೂರೇ ಜನ. ಅಪ್ಪ ಏರಿಯ ಮೇಲೆ, ತೂಬಿನ ಹತ್ತಿರ ಕೂತ. ಅವನ ಜಾಗ ಯಾವಾಗಲೂ ಅದೇ. ಮಾವ ಮಾತ್ರ ಅಷ್ಟು ದೂರದ ಹೊಂಗೆ ಮರವೇ ಬೇಕು ಎಂದ. ಆ ಮರದ ಬುಡದಲ್ಲಿ ಇಟ್ಟಿಗೆಗೆ ಮಣ್ಣು ತೆಗೆದ ಗುಂಡಿಯಿತ್ತು, ನೀರು ಆಳ, ದೊಡ್ಡ ಮೀನು ಅಲ್ಲೇ ಇರುತ್ತದೆ ಎಂಬುದು ಅವನು ಕೊಟ್ಟ ಕಾರಣ. ನಿಜವಾದ ಕಾರಣ ಅವನ ಜೇಬಿನಲ್ಲಿತ್ತು.

ಹೊಂಗೆ ಹೂ ಉದುರಿ ನೀರಿನ ಮೇಲೆ ತೇಲುತ್ತಿತ್ತು. ಕೆಸರಿನ ವಾಸನೆ, ಎಮ್ಮೆಯ ವಾಸನೆ, ಹೂವಿನದೊಂದು ಕಮಟು ವಾಸನೆ. ಮಾವ ಗಾಳ ಹಾಕಿ, ಕೋಲನ್ನು ಕವೆಕಡ್ಡಿಯ ಮೇಲೆ ಒರಗಿಸಿ, ನನ್ನನ್ನು ಕೂರಿಸಿದ. ‘ಬೆಂಡು ನೋಡ್ತಿರು. ಮುಟ್ಟಬೇಡ, ಕೂಗು ಅಷ್ಟೆ’ ಎಂದು ಹೇಳಿ ಕತ್ತಾಳೆ ಬೇಲಿಯ ಹಿಂದೆ ಹೋದ. ಸ್ವಲ್ಪ ಹೊತ್ತಿಗೆ ಅಲ್ಲಿಂದ ಹೊಗೆ ಎದ್ದಿತು.

ನೀರಿನ ಮೇಲೆ ತೇಲುವ ಬೆಂಡನ್ನೇ ನೋಡುತ್ತ ಕೂತೆ. ಅದು ಒಮ್ಮೆ ಅಲುಗಿತು. ಸುಮ್ಮನಾಯಿತು. ಆಮೇಲೆ ಯಾರೋ ಕೆಳಗಿನಿಂದ ಹಿಡಿದು ಎಳೆದ ಹಾಗೆ ಮುಳುಗೇ ಹೋಯಿತು. ನಾನು ಕೂಗಿದೆ, ದೇವರಾಣೆ ಕೂಗಿದೆ. ಬೇಲಿಯ ಹಿಂದಿನಿಂದ ಯಾರೂ ಬರಲಿಲ್ಲ. ಕೋಲು ಕವೆಕಡ್ಡಿಯಿಂದ ಜಾರಿ ನೀರಿನತ್ತ ಹೊರಟಿತು. ಇನ್ನು ಅಜ್ಜಿಯ ಕಾನೂನು ನೋಡುತ್ತ ಕೂರುವುದಾ? ಹಾರಿ ಹಿಡಿದೆ. ಕೋಲು ಕೈಗೆ ಸಿಕ್ಕಿ ಮತ್ತೆ ಜಾರಿತು. ಗಾಳದ ತಂಗೂಸಿ ದಾರವನ್ನೇ ಅಂಗೈಗೆ ಸುತ್ತಿಕೊಂಡೆ. ಸೊಂಟದವರೆಗೆ ನೀರಿಗಿಳಿದು, ಹಿಮ್ಮಡಿಯನ್ನು ಕೆಸರಿಗೆ ಊರಿ, ಎಳೆದೆ. ದಾರ ಅಂಗೈ ಕೊಯ್ಯುತ್ತಿತ್ತು, ಬಿಡಲಿಲ್ಲ. ಮೀನನ್ನು ಎದೆಗೆ ಅವುಚಿಕೊಂಡು ದಡಕ್ಕೆ ಬಿದ್ದ ಮೇಲೆ ಮಾವ ಓಡಿ ಬಂದ. ಬಂದವನೇ ನನ್ನ ಕೈಯಿಂದ ಅದನ್ನು ಕಿತ್ತುಕೊಂಡು, ಕಿವಿರಿಗೆ ಬೆರಳು ಹಾಕಿ ಮೇಲೆತ್ತಿದ. ಕೂಗು ಕೇಳಿ ಏರಿಯಿಂದ ಓಡಿ ಬಂದ ಅಪ್ಪ ನನ್ನನ್ನು ನೋಡಿದ, ನನ್ನ ಕೈ ನೋಡಿದ, ಬೇಲಿಯ ಕಡೆ ಒಮ್ಮೆ ನೋಡಿದ.

ದಾರಿಯುದ್ದಕ್ಕೂ ನಾನು ಬೇರೇನನ್ನೂ ಯೋಚಿಸಲಿಲ್ಲ. ಕೈ ಉರಿಯುತ್ತಿದ್ದರೂ ಒಳಗೊಳಗೇ ಕುಣಿಯುತ್ತಿದ್ದೆ. ಅಷ್ಟು ದೊಡ್ಡ ಗೆಂಡೆಯನ್ನು ನಮ್ಮ ಮನೆಯಲ್ಲಿ ಯಾರೂ ಅದುವರೆಗೆ ತಂದಿರಲಿಲ್ಲ.

ಊಟಕ್ಕೆ ಕೂತೆವು. ಅಜ್ಜಿ ಮಡಕೆಯಿಂದ ತಲೆ ಎತ್ತಿದಳು, ಸೌಟಿನ ಆಚೆ ಈಚೆ ಜೋತುಬೀಳುವಷ್ಟು ದೊಡ್ಡದು. ಅವತ್ತು ‘ಇದ್ಯಾರ್ದು?’ ಎಂದು ಕೇಳಲೇ ಇಲ್ಲ. ನೆಟ್ಟಗೆ ಮಾವನ ತಟ್ಟೆಗೆ ಹಾಕಿದಳು.

‘ಅಜ್ಜಿ, ಅದು ನಂದು’ ಎಂದೆ.

ಮಾವ ನಕ್ಕ. ‘ಗಾಳ ನಂದು, ಹುಳ ನಂದು, ಎಳ್ದಿದ್ದು ನಾನು. ಇವ್ಳು ಗುಂಡೀಲಿ ಬಿದ್ದು ಕೂಗ್ತಿದ್ಲು ಅಷ್ಟೆ.’

ಹುಳ ಅವನದಂತೆ! ಬೆಳಿಗ್ಗೆ ಬಾಳೆ ಬುಡ ಅಗೆದವರು ಯಾರು? ನನಗೆ ಉರಿದುಹೋಯಿತು. ನೀನು ಅಲ್ಲಿ ಇರಲೇ ಇಲ್ಲ, ಬೇಲಿ ಹಿಂದೆ ಬೀಡಿ ಸೇದುತ್ತಿದ್ದೆ ಎಂದು ಎಲ್ಲರ ಎದುರಿಗೆ ಹೇಳಿಬಿಟ್ಟೆ. ಮಾವನ ಮುಖ ಸಪ್ಪಗಾಯಿತು. ಆದರೆ ಒಂದು ಗಳಿಗೆ ಮಾತ್ರ.

‘ನಾನು ಭಾವನ ಜೊತೆ ತೂಬಿನ ಹತ್ರಾನೇ ಇದ್ನಲ್ಲ. ಅಲ್ಲೇ ಸಿಕ್ಕಿದ್ದು ಮೀನು. ಬೇಕಾದ್ರೆ ಕೇಳಿ’ ಎಂದ.

ಎಲ್ಲರೂ ಅಪ್ಪನನ್ನು ನೋಡಿದರು. ಅಪ್ಪ ಮುದ್ದೆ ಮುರಿದು, ಸಾರಿಗೆ ಅದ್ದಿ, ನುಂಗಿದ. ‘ಮೊದ್ಲು ಊಟ ಮಾಡಿ’ ಎಂದ.

ನನಗೆ ಉಳಿದಿದ್ದು ಅಂಗೈ ಒಂದೇ. ಎತ್ತಿ ತೋರಿಸಿದೆ. ತಂಗೂಸಿ ಕೊಯ್ದ ಕೆಂಪು ಗೆರೆಗಳು ಇನ್ನೂ ಹಸಿಯಾಗಿದ್ದವು. ಅಜ್ಜಿ ಅದನ್ನು ನೋಡಿದ್ದೇ, ‘ಅಯ್ಯೋ ಮುಂಡೇದೆ, ಗಾಳ ಮುಟ್ಟಿದ್ಯಾ?’ ಎಂದು ಬೈಯಲು ಶುರುಮಾಡಿದಳು. ನೋಡಿ ನ್ಯಾಯ! ಮೀನು ಹಿಡಿದದ್ದಕ್ಕೆ ಆ ಗಾಯ ಸಾಕ್ಷಿಯಾಗಲಿಲ್ಲ, ಗಾಳ ಮುಟ್ಟಿದ್ದಕ್ಕೆ ಮಾತ್ರ ಆಯಿತು. ನಾನು ಅಳುವುದು ಕಂಡು ಅಜ್ಜಿ ಕೊನೆಗೆ ಸಮಾಧಾನದ ಮಾತೆಂದು ಇನ್ನೊಂದು ಹೇಳಿದಳು. ಮಾವನ ತಟ್ಟೆಗೆ ಹೋದರೇನು, ನಿನ್ನ ತಟ್ಟೆಗೆ ಹೋದರೇನು, ನಾಳೆ ಅವನನ್ನೇ ತಾನೇ ನೀನು ಕಟ್ಟಿಕೊಳ್ಳುವುದು ಎಂದು. ಎಲ್ಲರೂ ನಕ್ಕರು. ಅಮ್ಮನೂ ನಕ್ಕಳು. ಮಾವ ತಲೆ ಚೀಪುತ್ತಿದ್ದ. ಅವನನ್ನು ಕಟ್ಟಿಕೊಳ್ಳುವ ಗ್ರಹಚಾರ ನನಗೆ ಬರಲಿಲ್ಲ, ಪುಣ್ಯ.

ಸಂಜೆ ಅಪ್ಪ ಬಚ್ಚಲ ಹತ್ತಿರ ಕರೆದು ಅಂಗೈಗೆ ಎಣ್ಣೆ ಅರಿಶಿನ ಹಚ್ಚಿದ. ‘ನಂಗೊತ್ತು ಕಣವ್ವ’ ಎಂದ ಮೆಲ್ಲಗೆ. ‘ನಿಮ್ಮಮ್ಮನ ತಮ್ಮ ಅವನು. ಊಟಕ್ಕೆ ಕೂತೋನ್ನ ಸುಳ್ಳ ಅನ್ನೋಕಾಗುತ್ತಾ?’

‘ನನ್ನ ಅನ್ಬೋದಾ?’ ಎಂದೆ.

ಅಪ್ಪ ಉತ್ತರ ಕೊಡಲಿಲ್ಲ. ಸಾಯುವವರೆಗೂ ಕೊಡಲಿಲ್ಲ.

ಆ ಮೀನು ಆಮೇಲೆ ಬೆಳೆಯುತ್ತ ಹೋಯಿತು. ಮಾವನ ಮದುವೆಯ ಹೊತ್ತಿಗೆ ಮೊಳದುದ್ದ ಇದ್ದದ್ದು ಮಾರುದ್ದವಾಗಿತ್ತು. ನಾಮಕರಣ, ಗೃಹಪ್ರವೇಶ, ತಿಥಿ, ಎಲ್ಲಿ ನಾಲ್ಕು ಜನ ಸೇರಿದರೂ ಮಾವ ತೂಬಿನ ಹತ್ತಿರ ಕೂತು ಗೆಂಡೆ ಎಳೆಯುತ್ತಿದ್ದ. ನಾನು ಬಾಯಿ ತೆರೆದರೆ ‘ಶುರುವಾಯ್ತು ಇವಳದ್ದು’ ಎಂದು ನಗುತ್ತಿದ್ದರು. ತೋರಿಸೋಣವೆಂದರೆ ಅಂಗೈಯ ಗೆರೆಯೂ ಮಾಸಿಹೋಗಿತ್ತು. ನನ್ನ ಕಡೆಗೆ ಉಳಿದಿದ್ದದ್ದು ಆ ಹೊಂಗೆ ಮರ, ಆ ಗುಂಡಿ.

ಅದನ್ನೂ ಬಿಡಲಿಲ್ಲ. ಮೊದಲು ಹೊಸ ಮನೆಗಳ ಕೊಳಕು ನೀರನ್ನು ಕೆರೆಗೆ ತಿರುಗಿಸಿದರು. ಒಂದು ಬೇಸಿಗೆ ಮೀನೆಲ್ಲ ಹೊಟ್ಟೆ ಮೇಲೆ ಮಾಡಿ ತೇಲಿದವು, ಊರಿಗೆ ಊರೇ ಮೂಗು ಮುಚ್ಚಿಕೊಂಡು ಓಡಾಡಿತು. ಆಮೇಲೆ, ನೀರು ಕಡಿಮೆ ಇರುವ ಕಡೆ ಲಾರಿಗಳು ಬಂದು ಮಣ್ಣು ಸುರಿದವು. ಯಾರು ಸುರಿಸಿದರು ಎಂದು ಕೇಳಿದರೆ ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸಿದರು. ಅಲ್ಲಿ ಸೈಟಾಯಿತು, ಈಗ ದೊಡ್ಡ ಅಪಾರ್ಟ್‌ಮೆಂಟು. ಹೊಂಗೆ ಮರದ ಗುಂಡಿ ಇದ್ದ ಕಡೆ ಅವರ ಕಾರು ನಿಲ್ಲಿಸುವ ನೆಲಮಾಳಿಗೆ. ಮಳೆ ಜೋರಾದಾಗ ಅಲ್ಲಿ ನೀರು ತುಂಬುತ್ತದಂತೆ, ಪಂಪು ಹಚ್ಚಿ ಹೊರಗೆ ಚೆಲ್ಲುತ್ತಾರಂತೆ. ನೀರು ತನ್ನ ಜಾಗ ಮರೆತಿಲ್ಲ, ನಾವೇ ನಾಚಿಕೆ ಬಿಟ್ಟವರು. ಉಳಿದ ತುಂಡು ಕೆರೆಗೆ ಬೇಲಿ ಹಾಕಿ, ಸುತ್ತ ನಡೆಯಲು ಟೈಲ್ಸ್ ಹಾಕಿ, ಸಿಮೆಂಟಿನ ಕೊಕ್ಕರೆ ನಿಲ್ಲಿಸಿದ್ದಾರೆ. ‘ಮೀನು ಹಿಡಿಯುವುದನ್ನು ನಿಷೇಧಿಸಲಾಗಿದೆ’ ಎಂದು ಬೋರ್ಡು ಬೇರೆ. ಹಿಡಿಯಲು ಏನಿದೆ ಅದರಲ್ಲಿ? ತೂಬಿನ ಕಲ್ಲುಕಂಬ ಮಾತ್ರ ಹಾಗೇ ಇದೆ, ಅದಕ್ಕೆ ಹಸಿರು ಬಣ್ಣ ಬಳಿದಿದ್ದಾರೆ.

ಹೋದ ತಿಂಗಳು ಮಾವ ಕೆರೆ ಹತ್ತಿರದ ನಮ್ಮ ಮನೆಗೆ ಬಂದಿದ್ದ. ಈಗ ಕೋಲೂರಿ ನಡೆಯುತ್ತಾನೆ, ಬೀಡಿ ಬಿಟ್ಟು ಎಷ್ಟೋ ಕಾಲವಾಯಿತು. ಮಾವ ಬಂದಿದ್ದಾನೆಂದು ಬೆಳಿಗ್ಗೆಯೇ ಮಡಿವಾಳದ ಮಾರ್ಕೆಟ್ಟಿಗೆ ಹೋಗಿ ಮೀನು ತಂದೆ. ಕತ್ತರಿಸುವ ಹುಡುಗ ಚಾಕು ಎತ್ತಿಕೊಂಡು, ‘ತಲೆ ಬಿಸಾಕ್ಲಾ ಮೇಡಂ?’ ಎಂದು ಕೇಳಿದ. ಈಗ ಯಾರೂ ತಲೆ ಒಯ್ಯುವುದಿಲ್ಲವಂತೆ. ಬಿಸಾಡಿದರೆ ನೋಡು ಎಂದು ಗದರಿದೆ. ಪಾಪ, ಅವನು ಬೆಚ್ಚಿಬಿದ್ದ.

ಅಡುಗೆ ಆಗುವಷ್ಟರಲ್ಲಿ ಮಾವ ಮತ್ತು ನನ್ನ ಮೊಮ್ಮಗ ಕೆರೆ ಸುತ್ತಿ ಬಂದರು. ಮೊಮ್ಮಗ ಒಳಗೆ ಕಾಲಿಟ್ಟಿದ್ದೇ, ‘ಅಜ್ಜಿ, ತಾತ ಹಸಿರು ಕಂಬದ ಹತ್ರ ಇಷ್ಟು ದೊಡ್ಡ ಫಿಶ್ ಹಿಡ್ದಿದ್ರಂತೆ’ ಎಂದು ಎರಡೂ ಕೈ ಚಾಚಿದ.

ಮುದ್ದೆ ಬಡಿಸಿದೆ. ಸಾರಿನಿಂದ ತಲೆಯನ್ನು ಸೌಟಿನಲ್ಲಿ ಎತ್ತಿ, ನಮ್ಮ ಅಜ್ಜಿಯ ಹಾಗೆಯೇ ‘ಇದ್ಯಾರ್ದು?’ ಎಂದೆ. ಮಾವ ನೋಡದೆಯೇ ತಟ್ಟೆ ಮುಂದೆ ತಳ್ಳಿದ. ನಾನು ತಲೆಯನ್ನು ನನ್ನ ತಟ್ಟೆಗೆ ಹಾಕಿಕೊಂಡೆ.

‘ಅಂಗಡಿ ಮೀನಿಗೆ ಹಿಡ್ದೋರು ಯಾರೇ ಸರೋಜಿ?’ ಎಂದು ನಕ್ಕ.

‘ಈ ಮೀನಿಂದಲ್ಲ ಮಾವ, ಆ ಮೀನಿಂದು.’

ಮಾವನ ನಗು ನಿಂತಿತು. ಮುದ್ದೆ ಮುರಿದು, ಸಾರಿಗೆ ಅದ್ದಿ, ನುಂಗಿದ. ಅಪ್ಪ ಅವತ್ತು ನುಂಗಿದ ಹಾಗೆಯೇ. ಇವನೂ ಹೀಗೇ ಎದ್ದು ಹೋಗುತ್ತಾನೆ ಎಂದುಕೊಂಡೆ. ಆದರೆ ತಟ್ಟೆ ನೋಡುತ್ತಲೇ ಹೇಳಿದ, ‘ಆ ಹೊಂಗೆ ಮರದ ಗುಂಡಿ ಬಲೇ ಆಳ ಇತ್ತು. ನೀನು ಎಲ್ಲಿ ಮುಳುಗೋದ್ಯೋ ಅಂತ ಬೀಡಿ ಬಿಸಾಕಿ ಓಡ್ಬಂದೆ. ಬಂದು ನೋಡಿದ್ರೆ ನೀನು ಮೀನು ತಬ್ಕೊಂಡು ಬಿದ್ದಿದ್ದೆ.’

‘ಯಾವ ಹೊಂಗೆ ಮರ?’ ಎಂದು ಮೊಮ್ಮಗ ಕೇಳಿದ.

ನನಗೆ ಸಂತೋಷವಾಗಬೇಕಿತ್ತು. ಮೈಯೆಲ್ಲ ಉರಿಯಿತು. ಈ ಮಾತನ್ನು ಅಜ್ಜಿ ಕೇಳಬೇಕಿತ್ತು, ಅಮ್ಮ ಕೇಳಬೇಕಿತ್ತು, ಉತ್ತರ ಕೊಡಲಾಗದೆ ಹೋದ ಅಪ್ಪನ ಕಿವಿಗೆ ಬೀಳಬೇಕಿತ್ತು. ಒಬ್ಬರೂ ಇಲ್ಲ. ಮರವಿಲ್ಲ, ಗುಂಡಿಯಿಲ್ಲ, ಕೆರೆ ಇದ್ದೂ ಇಲ್ಲ. ಎಲ್ಲ ಹೋದ ಮೇಲೆ ಸತ್ಯ ಹೇಳುತ್ತಾನೆ, ಮಹಾರಾಯ.

ತಟ್ಟೆ ಹತ್ತಿರಕ್ಕೆ ಎಳೆದುಕೊಂಡೆ. ಕೆನ್ನೆಯ ಮಾಂಸ ಬಿಡಿಸಿದೆ, ಕಣ್ಣು ತೆಗೆದು ತಿಂದೆ, ಮೂಳೆಗಳನ್ನು ಒಂದೊಂದಾಗಿ ಚೀಪಿದೆ. ಎಂದೋ ಎಲ್ಲೋ ಹಿಡಿದು ಐಸಿನಲ್ಲಿಟ್ಟ ಮೀನು, ರುಚಿಯೇ ಇರಲಿಲ್ಲ. ಮಾವ ತಲೆ ತಗ್ಗಿಸಿ ಕೂತಿದ್ದ. ಒಂದು ಚೂರೂ ಬಿಡದೆ ತಿಂದೆ.