ಮೀಸೆ ತೆಗೆದ ಮಾಸ್ತರು

ವೈಜನಾಥ ಮಾಸ್ತರರ ಮೇಲ್ದುಟಿಯ ಮೇಲೆ ಬೆವರು ನಿಲ್ಲುತ್ತಿತ್ತು. ಊರಿನ ಉಳಿದ ಗಂಡಸರ ಬೆವರು ಮೀಸೆಯೊಳಗೆ ಇಂಗಿಹೋಗುತ್ತಿತ್ತು. ಇವರಿಗೆ ಮೀಸೆ ಇರಲಿಲ್ಲ. ಮೂಗಿನ ಕೆಳಗಿನ ಆ ತೋಡು, ಎಡಗಡೆಯ ಸಣ್ಣ ಗಾಯದ ಗುರುತು, ಹಲ್ಲು ಕಾಣಿಸುವ ಮುಂಚೆ ತುಟಿ ಎಳೆದುಕೊಳ್ಳುವ ರೀತಿ, ಇವನ್ನೆಲ್ಲ ಈಗಲೂ ಬರೆದು ತೋರಿಸಬಲ್ಲೆ. ಅವರ ಕಣ್ಣು ಯಾವ ಬಣ್ಣದ್ದೆಂದು ಕೇಳಿದರೆ ಹೇಳಲಾರೆ. ನಾವು ಅವರ ಕಣ್ಣು ನೋಡಲೇ ಇಲ್ಲ. ನಾವು ಕಿವುಡ ಮಕ್ಕಳು. ನೋಡುತ್ತಿದ್ದದ್ದು ಅವರ ಬಾಯಿ.

ನಮ್ಮ ಕಡೆ ಗಂಡಸು ಮೀಸೆ ತೆಗೆಯುವುದು ಅಪ್ಪ ಸತ್ತಾಗ. ಮಾಸ್ತರರ ಅಪ್ಪ ಭಾಲ್ಕಿಯಲ್ಲಿ ಗಟ್ಟಿಯಾಗಿ ಬದುಕಿದ್ದರು. ಆದರೂ ಬೀದರದ ಕಿವುಡ ಮಕ್ಕಳ ವರ್ಗಕ್ಕೆ ಸೇರಿದ ವಾರವೇ ಇವರು ಕ್ಷೌರಿಕನ ಮುಂದೆ ಕೂತು ಮೀಸೆ ತೆಗೆಸಿಬಿಟ್ಟರು. ಕೇಳಿದವರಿಗೆ ಹೇಳುತ್ತಿದ್ದದ್ದು ಒಂದೇ ಮಾತು: "ನಮ್ಮ ಮಕ್ಕಳಿಗಿ ನನ್ನ ಬಾಯೇ ಪುಸ್ತಕ ಅದರಿ. ಪುಸ್ತಕದ ಮ್ಯಾಲ ಯಾರರ ಹುಲ್ಲು ಬೆಳಸ್ತಾರೇನ್ರಿ?"

ಇಲ್ಲಿ ಒಂದು ಮಾತು ಹೇಳಿಬಿಡಬೇಕು. ಅವರ ಮಾತೆಂದು ನಾನಿಲ್ಲಿ ಬರೆಯುತ್ತಿರುವುದೆಲ್ಲ ನಾನು ಕೇಳಿದ್ದಲ್ಲ, ನೋಡಿದ್ದು. ತುಟಿ ಅರ್ಧ ಹೇಳುತ್ತದೆ, ಉಳಿದರ್ಧ ನೋಡುವವರು ತುಂಬಿಕೊಳ್ಳಬೇಕು. ಇಷ್ಟು ವರ್ಷದ ಮೇಲೆ ಯಾವ ಅರ್ಧ ಅವರದು, ಯಾವುದು ನನ್ನದು ಎಂದು ಬಿಡಿಸಲಾರೆ. ಹುಲ್ಲಿನ ಮಾತು ಅವರದೇ ಇರಬೇಕು. ನನಗೆ ಅಷ್ಟು ಚಂದ ಹೊಳೆಯುವುದಿಲ್ಲ.

ನನಗೆ ಆರು ವರ್ಷವಿದ್ದಾಗ ಜ್ವರ ಬಂದು ಬಲಗಿವಿ ಪೂರ್ತಿ ಹೋಯಿತು. ಎಡಗಿವಿಯಲ್ಲಿ ಸ್ವಲ್ಪ ಉಳಿಯಿತು. ನಾವು ಮೈಲೂರಿನವರು. ಅವ್ವ ನನ್ನನ್ನು ವರ್ಗಕ್ಕೆ ಹೊಲದ ದಾರಿಯಿಂದ ಸುತ್ತುಹಾಕಿ ಕರೆದುಕೊಂಡು ಹೋಗುತ್ತಿದ್ದಳು. ಓಣಿಯವರಿಗೆ ಹೇಳುತ್ತಿದ್ದದ್ದು, "ನಮ್ಮ ಕಮಲಾ ಹೊಲಿಗಿ ಕಲೀಲಿಕ್ಕ ಹೋಗ್ತಾಳರಿ" ಎಂದು. ಒಮ್ಮೆ ನೆರೆಯಾಕೆ ಒಂದು ಹರಕು ಕುಪ್ಪಸ ತಂದು ನನ್ನ ಮಡಿಲಿಗೆ ಹಾಕಿ ಹೋದಳು. ಅವ್ವ ಬಾಗಿಲು ಹಾಕಿಕೊಂಡು ಅದನ್ನು ತಾನೇ ಹೊಲಿದಳು. ಅವಳ ಕಿವಿ ಕೆಂಪಗಾಗಿದ್ದವು. ಕಿವುಡಿ ನಾನು, ಕಿವಿ ಕೆಂಪಾಗಿದ್ದು ಅವಳದು.

ವರ್ಗವೆಂದರೆ ಹಳೆಯ ವಾಡೆಯೊಂದರ ಹಿಂದಿನ ಕೋಣೆ. ಅಲ್ಲಿ ಮೇಜಿನ ಮೇಲೆ ಡಬ್ಬಾ ಇತ್ತು. ಹೈದರಾಬಾದಿನ ದಾನಿಗಳು ಯಾರೋ ಕಳಿಸಿಕೊಟ್ಟದ್ದು. ನೋಡಲು ರೇಡಿಯೋ, ಆದರೆ ಅದಕ್ಕೆ ಸ್ಟೇಷನ್ ಇಲ್ಲ. ಮುಂದೆ ಒಂದು ಮೈಕು, ಹಿಂದೆ ಮೋಟಾರಿನ ಬ್ಯಾಟರಿ, ಬದಿಯಿಂದ ಹೊರಟ ವೈರುಗಳ ತುದಿಗೆ ಹೆಡ್‌ಫೋನುಗಳು. ಮಾಸ್ತರರು ಗುಂಡಿ ತಿರುವಿದರೆ ಒಳಗಿನ ವಾಲ್ವುಗಳು ನಿಧಾನವಾಗಿ ಕೆಂಪಾಗುತ್ತಿದ್ದವು. ಆಮೇಲೆ ಅವರು ಮೈಕಿನಲ್ಲಿ ಮಾತಾಡಿದರೆ ನನ್ನ ಎಡಗಿವಿಯೊಳಗೆ ತಗಡಿನ ಮೇಲೆ ಜೋಳ ಸುರಿದಂಥ ಸದ್ದು, ಆ ಸದ್ದಿನ ನಡುವೆ ಒಂದು ಮನುಷ್ಯನ ದನಿ. ಮೊದಲ ದಿನ ಕೇಳಿಸಿದ್ದು ಅವರ ಕೆಮ್ಮು. ನಾನು ಹೆದರಿ ಬೆಂಚಿನ ಕೆಳಗೆ ಹೋಗಿ ಕೂತೆನಂತೆ. ಇದು ಅವ್ವ ಹೇಳಿದ್ದು. ನನ್ನ ನೆನಪಿನಲ್ಲಿ ನಾನು ನಕ್ಕಿದ್ದೇನೆ.

ನನ್ನ ಪಕ್ಕ ಕೂರುತ್ತಿದ್ದವಳು ರುಕ್ಮಾ. ಔರಾದಿನವಳು, ಬೀದರದಲ್ಲಿ ಸೋದರತ್ತೆಯ ಮನೆಯಲ್ಲಿದ್ದಳು. ಮನೆಮಾತು ಮರಾಠಿ. ಅವಳು ಹುಟ್ಟುಗಿವುಡಿ; ಡಬ್ಬಾ ಅವಳ ಕಿವಿಗೆ ಏನೂ ಮಾಡುತ್ತಿರಲಿಲ್ಲ. ಆದರೆ ಅವಳು ಹೆಡ್‌ಫೋನನ್ನು ಅಂಗೈಯಲ್ಲಿ ಮುಚ್ಚಿ ಹಿಡಿದುಕೊಂಡು ಅದರ ನಡುಕದಿಂದ ಮಾತು ಎಲ್ಲಿ ಶುರುವಾಯಿತು, ಎಲ್ಲಿ ನಿಂತಿತು ಎಂದು ಹಿಡಿಯುತ್ತಿದ್ದಳು. ನೋಡಲು ಬಂದವರು ಯಾರಾದರೂ ಅದನ್ನು ಕಿವಿಗೆ ಏರಿಸಲು ಹೋದರೆ ಮಾಸ್ತರರು ತಡೆಯುತ್ತಿದ್ದರು. "ಇರ್ಲಿ ಬಿಡ್ರಿ. ಅಕಿ ಕೈಲೇ ಕೇಳ್ತಾಳ."

ಹೈದರಾಬಾದಿನ ಸರ್ಕಾರದ ಕಾಲ. ಪಾಠವೆಲ್ಲ ಉರ್ದುವಿನಲ್ಲಿ. ರುಕ್ಮಾಳ ಮೊದಲ ಮಾತು "ಪಾನಿ". ಅದಕ್ಕೆ ಒಂದು ಚಳಿಗಾಲ, ಒಂದು ಬೇಸಿಗೆ ಹಿಡಿಯಿತು. ಮಾಸ್ತರರು ತಮ್ಮ ತುಟಿಯ ಮುಂದೆ ತೆಳ್ಳನೆಯ ಕಾಗದದ ಪಟ್ಟಿ ಹಿಡಿದು "ಪಾ" ಅನ್ನುತ್ತಿದ್ದರು, ಪಟ್ಟಿ ಹಾರುತ್ತಿತ್ತು. ಅವಳ ತುಟಿಯ ಮುಂದೆ ಹಿಡಿದರೆ ಹಾರುತ್ತಿರಲಿಲ್ಲ. ಅವಳ ಒಂದು ಕೈ ಅವರ ಗಂಟಲ ಮೇಲೆ, ಇನ್ನೊಂದು ಹೆಡ್‌ಫೋನಿನ ಮೇಲೆ. ಕಡೆಗೊಂದು ದಿನ ಪಟ್ಟಿ ಹಾರಿತು, ಹಿಂದೆಯೇ ದನಿಯೂ ಬಂತು. ರಜೆಗೆ ಔರಾದಿಗೆ ಹೋದಾಗ ಅದನ್ನೇ ಅವ್ವನ ಮುಂದೆ ಹೇಳಿದಳು. ಮರಾಠಿಯಲ್ಲೂ ಹೆಚ್ಚುಕಡಿಮೆ ಅದೇ ಮಾತಲ್ಲವೇ, ಅವರವ್ವನಿಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಮುಂದಿನದನ್ನು ಮಾಸ್ತರರು ನಮಗೆ ಕುಣಿದು ತೋರಿಸಿದ್ದರು: "ಅವರವ್ವ ಕೊಡಾ ತಗೊಂಡು ಬೀದಿಗಿ ಬಂದು ನಿಂತಳಂತ! ಹೋಗೋರ ಬರೋರಿಗೆಲ್ಲಾ ನೀರು ಕುಡಸ್ಲಿಕ್ಕತ್ತಳಂತ! ನೀರಡಿಕಿ ಇಲ್ಲವ್ವಾ ಅಂದ್ರೂ ಬಿಡವಲ್ಲಳು. ಮೊದಲ ನನ್ನ ಮಗಳಿಗಿ ಕೇಳ್ರಿ, ಅಕಿ ಪಾನಿ ಅಂದ ಮ್ಯಾಲ ಕುಡೀರಿ ಅಂತ!"

ತಮ್ಮ ಮನೆಯ ಫಜೀತಿಯನ್ನೂ ಅವರು ಪಾಠ ಮಾಡುತ್ತಿದ್ದರು. ಒಂದು ಸಲ ಭಾಲ್ಕಿಯಲ್ಲಿ ಬಸ್ಸಿನಿಂದಿಳಿದ ಮಾಸ್ತರರ ಬೋಳು ತುಟಿ ನೋಡಿ ಪರಿಚಯದವರೊಬ್ಬರು ಕೆಟ್ಟ ಸುದ್ದಿಯೆಂದೇ ತಿಳಿದರು. ಇವರು ಪೇಟೆಯಲ್ಲಿ ಏನೋ ಕೊಂಡು ಮನೆ ಮುಟ್ಟುವಷ್ಟರಲ್ಲಿ ನಾಲ್ಕು ಜನ ಹಿರಿಯರು ಕಟ್ಟೆಗೆ ಬಂದು ಮುಖ ಸಣ್ಣ ಮಾಡಿಕೊಂಡು ಕೂತಿದ್ದರು. ಬಾಗಿಲು ತೆರೆದದ್ದು ಸ್ವತಃ ಅಪ್ಪ.

"ಯಾರು ಹೋದ್ರಪ್ಪಾ?" ಎಂದು ಅವರೇ ಗಾಬರಿಯಿಂದ ಕೇಳಿದರಂತೆ.

ಇದನ್ನು ಮಾಸ್ತರರು ತುಟಿ ಬಿಡಿಸಿ, ಬಾಯಿ ಅಗಲಿಸಿ, ಒಂದೊಂದೇ ಮಾತಾಗಿ ನಮಗೆ ಓದಿಸಿದರು. ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆಮೇಲೆ ಅವರಪ್ಪ ಅಂದದ್ದನ್ನೂ ಓದಿಸಿದರು: "ಈಗೇ ತೆಗದಿ. ನಾ ಖರೇ ಸತ್ತಾಗ ಏನು ತೆಗೀತಿಯೋ?" ಅದಕ್ಕೂ ನಕ್ಕೆವು. ಅವರು ನಗಲಿಲ್ಲವೆಂದು ನೆನಪು. ಅಥವಾ ಆಗ ಅವರೂ ನಕ್ಕು, ನಾನೀಗ ಆ ನಗೆಯನ್ನು ಅಳಿಸುತ್ತಿರಬಹುದು. ಮುಂದಾದದ್ದು ಗೊತ್ತಿರುವವರು ಹಿಂದಿನ ಮುಖಗಳನ್ನು ತಿದ್ದುತ್ತಾರೆ.

ಬೀದರ ಮೈಸೂರು ರಾಜ್ಯಕ್ಕೆ ಸೇರಿತು. ಬೋರ್ಡುಗಳು ಬದಲಾದವು. ವರ್ಗದಲ್ಲಿ ಪೇಢೆ ಹಂಚಿದರು. ಮಾಸ್ತರರು ಪೇಢೆ ನುಂಗಿ, ಬಾಯಿ ಒರೆಸಿಕೊಂಡು, "ಇನ್ನ ಮ್ಯಾಲ ಕನ್ನಡ" ಅಂದರು. ಹೈದರಾಬಾದಿನ ದಾನಿಗಳು ಕೈಬಿಟ್ಟಿದ್ದರು. ಹೊಸ ಸರ್ಕಾರ ವರ್ಗವನ್ನು ನಡೆಸುವುದೋ ಇಲ್ಲವೋ ಎಂಬುದನ್ನು ಒಬ್ಬ ಸಾಹೇಬರು ಬಂದು ನೋಡಿ ತೀರ್ಮಾನಿಸುವವರಿದ್ದರು. ಅಷ್ಟರೊಳಗೆ ನಾವು ಕನ್ನಡದವರಾಗಬೇಕಿತ್ತು.

ನನಗೆ ಕಷ್ಟವಾಗಲಿಲ್ಲ. ಆರು ವರ್ಷದವರೆಗೆ ಕೇಳಿದ ಮಾತು ತಲೆಯೊಳಗೆ ಎಲ್ಲೋ ಇತ್ತು, ಡಬ್ಬಾ ಅದನ್ನು ಕೆದಕಿ ಎಬ್ಬಿಸಿತು. ರುಕ್ಮಾ ನಿಂತುಹೋದಳು. "ಪಾನಿ" ಅಂದರೆ ತುಟಿ ಮುಚ್ಚಿ ತೆರೆಯುತ್ತದೆ, ದೂರದಿಂದಲೂ ಕಾಣುತ್ತದೆ. "ನೀರು" ಅಂದರೆ ಎಲ್ಲವೂ ಹಲ್ಲಿನ ಹಿಂದೆ. ಕಾಗದದ ಪಟ್ಟಿ ಅಲುಗುವುದಿಲ್ಲ. ಮಾಸ್ತರರು ಕನ್ನಡಿಯ ಮುಂದೆ ಕೂತು ತಮ್ಮ ಬಾಯಲ್ಲಿ ಆ ಮಾತನ್ನು ಹುಡುಕುತ್ತಿದ್ದರು. ಅವಳ ಬೆರಳನ್ನು ತಮ್ಮ ಮೂಗಿನ ಮೇಲಿಡುತ್ತಿದ್ದರು. ಅವಳು ಮಡಕೆಯತ್ತ ನೋಡುವಳು, ಅವರತ್ತ ನೋಡುವಳು, ಮತ್ತೆ "ಪಾನಿ" ಅನ್ನುವಳು. "ಹೌದವ್ವಾ, ಅದೂ ಖರೇನೇ" ಎಂದು ಅವರು ಮತ್ತೆ ಮೊದಲಿನಿಂದ ಶುರುಮಾಡುತ್ತಿದ್ದರು.

ಸಾಹೇಬರು ಬಂದರು. ಮೈಸೂರಿನ ಕಡೆಯವರು, ಒಳ್ಳೆಯವರು. ಅವರ ಮೀಸೆ ತುಟಿಯನ್ನು ಪೂರಾ ಮುಚ್ಚಿತ್ತು. ನಾನು ಹೆಡ್‌ಫೋನ್ ಹಾಕಿಕೊಂಡು ಎದ್ದು ನಿಂತೆ. ಅವರು ಮೈಕಿನಲ್ಲಿ ಕೇಳಿದರು: "ಮಗು, ನಿನ್ನ ಹೆಸರೇನಮ್ಮ? ನೀನು ಯಾವ ರಾಜ್ಯದವಳು?"

"ನನ್ನ ಹೆಸರು ಕಮಲಾ. ನಾನು ಮೈಸೂರು ರಾಜ್ಯದವಳು" ಅಂದೆ. ಒಂದು ಪದವೂ ತಪ್ಪಲಿಲ್ಲ. ಸಾಹೇಬರು ಚಪ್ಪಾಳೆ ತಟ್ಟಿದರು. ತಾವೇ ಹೆಡ್‌ಫೋನ್ ಹಾಕಿಕೊಂಡು ನೋಡಿ, "ಭೇಷ್! ಎಂಥಾ ಯಂತ್ರ ಕಣ್ರೀ ಇದು!" ಅಂದರು. ಅಷ್ಟು ಜನರ ಮುಂದೆ ಯಾರಾದರೂ ನನ್ನತ್ತ ನೋಡಿ ಸಂತೋಷಪಟ್ಟದ್ದು ಅದೇ ಮೊದಲು. ಅವರು ಇನ್ನೂ ಏನಾದರೂ ಕೇಳಲಿ ಎಂದು ನಾನು ನಿಂತೇ ಇದ್ದೆ.

ಆಮೇಲೆ ರುಕ್ಮಾ. ಅವಳು ಹೆಡ್‌ಫೋನನ್ನು ಅಂಗೈಯಲ್ಲಿ ಹಿಡಿದದ್ದು ನೋಡಿ ಸಾಹೇಬರ ಕಣ್ಣಲ್ಲಿ ಮರುಕ ಬಂತು. ಸುಲಭದ್ದು ಕೇಳೋಣವೆಂದು ಮಡಕೆಯತ್ತ ಬೆರಳು ತೋರಿಸಿದರು. ರುಕ್ಮಾ ತುಟಿ ಕೂಡಿಸಿ, ಕೊರಳೆತ್ತಿ, "ಪಾನಿ" ಅಂದಳು. ಹೆಡ್‌ಫೋನಿನಲ್ಲಿ ನನಗೆ ಸ್ಪಷ್ಟವಾಗಿ ಕೇಳಿಸಿತು. ಅಷ್ಟು ಚೆನ್ನಾಗಿ ಅವಳು ಎಂದೂ ಹೇಳಿರಲಿಲ್ಲ.

"ಕನ್ನಡದಲ್ಲಿ ಹೇಳಮ್ಮ" ಅಂದರು ಸಾಹೇಬರು.

"ಸಾಹೇಬ್ರ, ಅಕಿ ಮಾತಾಡಿದಳ್ರಿ" ಅಂದರು ಮಾಸ್ತರರು. "ಹುಟ್ಟಾ ಕಿವುಡಿ ಅದಾಳ್ರಿ. ಮಾತಾಡಿದಳ್ರಿ ಅಕಿ."

"ನಾನು ಇಲ್ಲ ಅನ್ನಲಿಲ್ಲವಲ್ಲ ಮೇಷ್ಟ್ರೇ" ಎಂದು ಸಾಹೇಬರು ಅವಳ ಕೈಗೆ ಪೆಪ್ಪರ್‌ಮಿಂಟ್ ಕೊಟ್ಟರು. ಅವಳು ಗೆದ್ದೆನೆಂದುಕೊಂಡು ನನ್ನತ್ತ ತಿರುಗಿ ನಕ್ಕಳು.

ಮುಂದಿನ ತಿಂಗಳು ಹುಕುಂ ಬಂತು. ಯಂತ್ರದಿಂದ ಕೇಳಿಸಿಕೊಳ್ಳಬಲ್ಲ ಹುಡುಗಿಗೆ ಬೇರೆ ವರ್ಗದ ಗರಜಿಲ್ಲ. ಅವಳು ಯಂತ್ರದ ಸಮೇತ ಹೆಣ್ಣುಮಕ್ಕಳ ಸಾಲೆಗೆ ಹೋಗಲಿ. ಯಂತ್ರದಿಂದ ಉಪಯೋಗವಿಲ್ಲದ ಉಳಿದವರು ಮನೆಗೆ. ವರ್ಗ ಬಂದ್. ಮಾಸ್ತರರಿಗೆ ಔರಾದ ಕಡೆಯ ಒಂದು ಹಳ್ಳಿಯ ಸಾಲೆಗೆ ಬದಲಿ.

ನನ್ನ ಒಂದು ಉತ್ತರದಿಂದ ವರ್ಗ ಮುಚ್ಚಿತೆಂದು ಬರೆದರೆ ಕತೆ ಅಚ್ಚುಕಟ್ಟಾಗುತ್ತದೆ. ಅಷ್ಟು ಅಚ್ಚುಕಟ್ಟನ್ನು ನಾನು ನಂಬುವುದಿಲ್ಲ. ನಾನು ತಡವರಿಸಿದ್ದರೂ ಮುಚ್ಚುತ್ತಿದ್ದರೇನೋ. ಆದರೆ ನಾಚಿಕೆ ಇಂಥ ಲೆಕ್ಕ ಕೇಳುವುದಿಲ್ಲ. ಹುಕುಂ ಬಂದ ದಿನ ಅವ್ವ ಓಣಿಗೆಲ್ಲ ಸಕ್ಕರೆ ಹಂಚಿದಳು.

ಹೊಸ ಸಾಲೆಯಲ್ಲಿ ಮಾಸ್ತರರೇ ಡಬ್ಬಾ ತಂದಿಟ್ಟು, ಮೈಕು ಹ್ಯಾಗೆ ಹಿಡಿಯಬೇಕೆಂದು ತೋರಿಸಿ ಹೋದರು. ಕೆಲವು ದಿನ ಟೀಚರು ಅದರಲ್ಲಿ ಮಾತಾಡಿದರು. ಆಮೇಲೆ ಬೇಸರವಾಗಿ ಮೈಕನ್ನು ಮೊಳೆಗೆ ತೂಗುಹಾಕಿದರು. ಹುಡುಗಿಯರು ನನ್ನನ್ನು "ಏ ಡಬ್ಬಾ" ಅಂತಲೇ ಕರೆಯುತ್ತಿದ್ದರು. ಒಂದು ಮುಂಜಾನೆ ಗುಂಡಿ ತಿರುವಿದರೆ ಒಳಗೆ ಕೆಂಪು ಹತ್ತಲಿಲ್ಲ. ಯಾರಿಗೂ ಅದು ಕಾಣಲಿಲ್ಲ. ಕೆಟ್ಟಿದೆಯೆಂದರೆ ನನಗೆ ಕೇಳುವುದಿಲ್ಲವೆಂದು ಎಲ್ಲರ ಮುಂದೆ ಹೇಳಿದಂತೆ. ಹಾಗಾಗಿ ಹೆಡ್‌ಫೋನ್ ಹಾಕಿಕೊಂಡು ಕೂರುತ್ತಿದ್ದೆ. ಎಲ್ಲರೂ ನಕ್ಕಾಗ ನಗುತ್ತಿದ್ದೆ.

ಹಾಗೆ ಕೂತಿದ್ದಾಗಲೇ ಒಂದು ಮಧ್ಯಾಹ್ನ ವೈಜನಾಥ ಮಾಸ್ತರರು ಬಂದರು. ಜೊತೆಗೆ ರುಕ್ಮಾ. ಅವಳು ಗೇಣುದ್ದ ಬೆಳೆದಂತೆ ಕಂಡಳು. ತೋಳಿನ ಮೇಲೆ ಮಡಿಸಿದ ಕೌದಿ ಇತ್ತು. ಹೆಡ್‌ಮಿಸ್ಟ್ರೆಸ್ಸರ ಕೋಣೆ ವರಾಂಡದ ಆಚೆ. ಕಿಟಕಿಯಲ್ಲಿ ಮಾಸ್ತರರ ಬೆನ್ನು ಕಾಣುತ್ತಿತ್ತು, ಹೆಡ್‌ಮಿಸ್ಟ್ರೆಸ್ಸರ ತುಟಿ ಕಾಣುತ್ತಿತ್ತು. ನನಗೆ ಓದಲು ಸಿಕ್ಕಿದ್ದು ಉತ್ತರಗಳು ಮಾತ್ರ.

"ಹ್ಯಾಂಗ ಕೊಡ್ಲಿಕ್ಕ ಬರ್ತದ್ರಿ, ಸರಕಾರದ್ದು ಅದ."

ಬೆನ್ನು ಸ್ವಲ್ಪ ಬಾಗಿತು.

"ರವಿವಾರ ಒಂದೇ ದಿನಾ ಅಂದ್ರೂ ಅಷ್ಟೇ ಆಯ್ತಲ್ರಿ. ಔರಾದ ಬಸ್ಸಿನ್ಯಾಗ ಒಡದ್ರ?"

ಬೆನ್ನು ಪಕ್ಕಕ್ಕೆ ಸರಿದು ರುಕ್ಮಾಳ ಕೌದಿಯನ್ನು ತೋರಿಸಿತು. ಡಬ್ಬಾವನ್ನು ಅದರಲ್ಲಿ ಸುತ್ತಿ ರುಕ್ಮಾಳ ಪಾಠಕ್ಕೆ ಒಯ್ಯುವುದೆಂದು ಇರಬೇಕು.

"ಇಲ್ರಿ ಮಾಸ್ತರ್. ನೋಡ್ರಲ್ಲಿ, ಕಮಲಾ ದಿನಾಲೂ ಹಾಕ್ಕೋತಾಳ."

ಮಾಸ್ತರರು ಹೊರಳಿ ನೋಡಿದರು. ಮೊದಲು ನನ್ನನ್ನು, ಆಮೇಲೆ ಡಬ್ಬಾವನ್ನು. ಅದರೊಳಗೆ ಕೆಂಪಿಲ್ಲವೆಂದು ಅಷ್ಟು ದೂರದಿಂದಲೇ ಅವರಿಗೆ ಗೊತ್ತಾಯಿತು.

ವರ್ಗದೊಳಗೆ ಬಂದು ಏನೂ ಕೇಳದೆ ಡಬ್ಬಾದ ಬೆನ್ನು ಬಿಚ್ಚಿದರು. ಒಳಗೆ ಧೂಳು. ಒಂದು ವಾಲ್ವು ಗೂಡಿನಿಂದ ಸಡಿಲಾಗಿತ್ತು. ಧೋತರದ ಚುಂಗಿನಿಂದ ಒರೆಸಿ, ಒತ್ತಿ ಕೂಡಿಸಿ, ಬ್ಯಾಟರಿಯ ವೈರು ಕೆರೆದು ಕಟ್ಟಿದರು. ಕೆಂಪು ಹತ್ತಿತು. ಹುಡುಗಿಯರೆಲ್ಲ ನೋಡುತ್ತಿದ್ದರು. ಅದು ಕೆಟ್ಟಿತ್ತೆಂದು ಟೀಚರಿಗೆ ಗೊತ್ತಾದದ್ದು ಆಗ. ನಾನು ತಲೆ ತಗ್ಗಿಸಿದೆ. ತಲೆ ತಗ್ಗಿಸಿದರೆ ನನಗೆ ಯಾರ ಮಾತೂ ಕಾಣುವುದಿಲ್ಲ.

ಮೊಳೆಯಿಂದ ಮೈಕು ತೆಗೆದರೆಂದು ತೋರುತ್ತದೆ. ಕಿವಿಯಲ್ಲಿ ಅವರ ದನಿ ಬಂತು.

"ಕೇಳ್ತದೇನವ್ವಾ?"

"ಕೇಳ್ತದ್ರಿ."

"ಡಬ್ಬಾ ನಿಂತ್ರ ಹೇಳ್ಬೇಕವ್ವಾ. ನಾಚಬಾರದು."

ಟೀಚರ ಕೈಗೆ ಮೈಕು ಕೊಟ್ಟು, "ಜರಾ ಬಾಯಿ ಹತ್ರ ಹಿಡೀರಿ ಬಾಯಾರ" ಎಂದರು. ಹೆಡ್‌ಮಿಸ್ಟ್ರೆಸ್ಸರು ಬಾಗಿಲಲ್ಲಿ ನಿಂತಿದ್ದರು. ಅವರೇನಾದರೂ ಮನಸ್ಸು ಬದಲಿಸಿದ್ದರೋ, ತಿಳಿಯದು. ಮಾಸ್ತರರು ಮತ್ತೆ ಕೇಳಲಿಲ್ಲ. "ಇಲ್ಲೇ ಇರ್ಲಿರಿ" ಅಂದರು.

ರುಕ್ಮಾ ಅಷ್ಟರಲ್ಲಿ ಒಳಗೆ ಬಂದು ಕೌದಿಯನ್ನು ನೆಲದ ಮೇಲೆ ಹಾಸಿದ್ದಳು. ರಿಪೇರಿ ಮುಗಿಯಿತು, ಇನ್ನು ಒಯ್ಯುವುದೆಂದು ತಿಳಿದಿದ್ದಳು. ಡಬ್ಬಾ ಇಡಲು ನಡುವೆ ಜಾಗ ಸರಿಮಾಡಿ, ಒಂದು ಕಡೆ ಹಿಡಿಯಲು ನನ್ನನ್ನು ಕರೆದಳು. ಮಾಸ್ತರರು ಬಗ್ಗಿ ಅವಳ ಮುಖದ ಮುಂದೆ ಮುಖ ಹಿಡಿದು ನಿಧಾನವಾಗಿ ಏನೋ ಹೇಳಿದರು. ಆ ಮಾತು ನನಗೆ ಕಾಣಲಿಲ್ಲ. ಅವಳು ಡಬ್ಬಾ ನೋಡಿದಳು, ನನ್ನ ಕಿವಿಯ ಮೇಲಿದ್ದುದನ್ನು ನೋಡಿದಳು. ಅಳಲಿಲ್ಲ. ಕೌದಿಯ ಎರಡು ತುದಿ ತಾನು ಹಿಡಿದು ಉಳಿದೆರಡನ್ನು ನನ್ನ ಕಡೆ ಚಾಚಿದಳು. ಇಬ್ಬರೂ ಸೇರಿ ಝಾಡಿಸಿ ಮಡಿಸಿದೆವು. ಅದನ್ನವಳು ಬಿಸಿಲಿಗೆ ತಲೆಯ ಮೇಲೆ ಇಟ್ಟುಕೊಂಡು ಮಾಸ್ತರರ ಹಿಂದೆ ಬಸ್‌ಸ್ಟ್ಯಾಂಡಿನ ಕಡೆ ಹೋದಳು. ಆಮೇಲೆ ಇಬ್ಬರನ್ನೂ ನಾನು ನೋಡಲಿಲ್ಲ.